ಒಂದಕ್ಕೆ ಎಷ್ಟು? ಇಂಗಾಲದ ಲೆಕ್ಕವನ್ನೂ ವ್ಯಾಪಾರದ ಲೆಕ್ಕವನ್ನೂ ಒಟ್ಟಿಗೆ ಕಲಿಸಿದ ಅನುಭವ

ತುಮಕೂರಿನಲ್ಲಿ ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಸುಸ್ಥಿರ ಗಣಕ ತಂತ್ರಜ್ಞಾನ ಮತ್ತು ತಂತ್ರಜ್ಞಾನ ಉದ್ಯಮಶೀಲತೆ ಎಂಬ ಎರಡು ಐಚ್ಛಿಕ ವಿಷಯಗಳು ಬೇರೆ ಬೇರೆಯಾಗಿ ನಡೆಯುತ್ತಿದ್ದವು. ಎರಡಕ್ಕೂ ವಿದ್ಯಾರ್ಥಿಗಳು ಕಡಿಮೆಯೇನೂ ಇರಲಿಲ್ಲ, ಏಕೆಂದರೆ ಎರಡರಲ್ಲೂ ಅಂಕ ಗಳಿಸುವುದು ಸುಲಭವಾಗಿತ್ತು. ಮೊದಲನೆಯದರಲ್ಲಿ ಭೂತಾಪದ ಬಗ್ಗೆ ಕಳವಳ ವ್ಯಕ್ತಪಡಿಸಿ ಪ್ರಬಂಧ ಬರೆದರೆ ಸಾಕಿತ್ತು, ಎರಡನೆಯದರಲ್ಲಿ ಹತ್ತು ಸ್ಲೈಡುಗಳಲ್ಲಿ ಒಂದು ಆ್ಯಪ್‌ನ ಕನಸನ್ನು ಬಿಡಿಸಿಟ್ಟರೆ ಸಾಕಿತ್ತು. ಕಾಲೇಜು ಸ್ವಾಯತ್ತವಾದ್ದರಿಂದ ಪಠ್ಯಕ್ರಮವನ್ನು ತಿದ್ದುವ ಅವಕಾಶ ನಮಗಿತ್ತು. ಮ್ಯಾನೇಜ್‌ಮೆಂಟ್ ವಿಭಾಗದ ಸಹೋದ್ಯೋಗಿಯೊಬ್ಬರೂ ನಾನೂ ಕುಳಿತು ಇವೆರಡನ್ನೂ ಸೇರಿಸಿ ಒಂದೇ ಕೋರ್ಸ್ ಮಾಡಿದೆವು. ಸೇರಿಸಲು ನಮಗಿದ್ದ ಕಾರಣ ಒಂದೇ: ತಾನು ಕಟ್ಟುವ ವಸ್ತುವಿನಿಂದ ಪರಿಸರದ ಮೇಲೆ ಬೀಳುವ ಹೊರೆಯನ್ನು ಅಳೆಯಲಾರದ ವಿದ್ಯಾರ್ಥಿ, ಅದರಿಂದ ಬರುವ ಆದಾಯವನ್ನೂ ಅಳೆಯಲಾರ ಎಂಬುದು ಇಬ್ಬರ ಅನುಭವಕ್ಕೂ ಬಂದಿತ್ತು.

ಮೊದಲ ವಾರದಲ್ಲಿ ಎಲ್ಲರ ಉದ್ಯಮ ಯೋಜನೆಗಳನ್ನು ಬರೆಸಿಕೊಂಡೆವು. ಮರ ನೆಟ್ಟವರಿಗೆ ಅಂಕ ಕೊಡುವ ಆ್ಯಪ್, ಮನೆಯ ಇಂಗಾಲದ ಹೆಜ್ಜೆಗುರುತು ತೋರಿಸುವ ಆ್ಯಪ್, ಕಸ ವಿಂಗಡಣೆಯನ್ನು ನೆನಪಿಸುವ ಆ್ಯಪ್, ಕೃತಕ ಬುದ್ಧಿಮತ್ತೆಯಿಂದ ಬೆಳೆ ರೋಗ ಹೇಳುವ ಆ್ಯಪ್. ನಾವು ಅವುಗಳನ್ನು ಟೀಕಿಸಲು ಹೋಗಲಿಲ್ಲ. ಪ್ರತಿ ತಂಡಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಲೆಕ್ಕ ಯಾವ ಒಂದಕ್ಕೆ? ಒಬ್ಬ ಗ್ರಾಹಕನಿಗೋ, ಒಂದು ವ್ಯವಹಾರಕ್ಕೋ, ಒಂದು ಎಕರೆಗೋ, ಒಂದು ಫೋಟೋಗೋ? ಆ ಒಂದಕ್ಕೆ ಎಷ್ಟು ವಿದ್ಯುತ್ ಹೋಗುತ್ತದೆ, ಎಷ್ಟು ಹಣ ಹೋಗುತ್ತದೆ, ಎಷ್ಟು ಹಣ ಬರುತ್ತದೆ? ಈ ಪ್ರಶ್ನೆ ನಮ್ಮ ಸ್ವಂತದ್ದಲ್ಲ. ಗ್ರೀನ್ ಸಾಫ್ಟ್‌ವೇರ್ ಫೌಂಡೇಶನ್ ರೂಪಿಸಿ, 2024ರಲ್ಲಿ ಐಎಸ್‌ಒ 21031 ಎಂಬ ಅಂತರರಾಷ್ಟ್ರೀಯ ಮಾನದಂಡವಾದ ಸಾಫ್ಟ್‌ವೇರ್ ಇಂಗಾಲ ತೀವ್ರತೆಯ ಸೂತ್ರ ಇರುವುದೇ ಹೀಗೆ. ಬಳಸಿದ ವಿದ್ಯುತ್ತನ್ನು ಆ ವಿದ್ಯುತ್ತಿನ ಇಂಗಾಲದ ಪ್ರಮಾಣದಿಂದ ಗುಣಿಸಬೇಕು, ಯಂತ್ರದ ತಯಾರಿಕೆಯಲ್ಲೇ ಹೊರಬಿದ್ದಿರುವ ಇಂಗಾಲದಲ್ಲಿ ನಮ್ಮ ಪಾಲನ್ನು ಅದಕ್ಕೆ ಕೂಡಿಸಬೇಕು, ಬಂದದ್ದನ್ನು ನಾವು ಆರಿಸಿಕೊಂಡ ಒಂದು ಘಟಕಕ್ಕೆ ಇಷ್ಟು ಎಂದು ಹೇಳಬೇಕು. ಎಲ್ಲೋ ಮರ ನೆಡಿಸಿದ್ದೇವೆ ಎಂಬ ಪ್ರಮಾಣಪತ್ರ ತೋರಿಸಿ ಈ ಮೊತ್ತವನ್ನು ಕಳೆಯಲು ಸೂತ್ರದಲ್ಲಿ ಅವಕಾಶವಿಲ್ಲ. ವ್ಯಾಪಾರದಲ್ಲಿ ಒಂದು ಘಟಕದ ಮೇಲಿನ ಆದಾಯ ಮತ್ತು ವೆಚ್ಚವನ್ನು ಬರೆಯುವ ಕ್ರಮವೂ ಇದೇ ಆಗಿರುವುದರಿಂದ ಒಂದೇ ಹಾಳೆಯ ಎಡಭಾಗದಲ್ಲಿ ಇಂಗಾಲ, ಬಲಭಾಗದಲ್ಲಿ ರೂಪಾಯಿ ಎಂದು ಅಂಕಣ ಹಾಕಿಕೊಟ್ಟೆವು. ಇಡೀ ಕೋರ್ಸಿಗೆ ಆ ಹಾಳೆಯೇ ಪಠ್ಯಪುಸ್ತಕವಾಯಿತೆಂದರೂ ತಪ್ಪಿಲ್ಲ.

ಅಳತೆಯ ಪಾಠ ಲ್ಯಾಬಿನಲ್ಲೇ ಶುರುವಾಯಿತು. ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರ್‌ನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಸಾಧಾರಣ ವಿದ್ಯುತ್ ಮಾಪಕಗಳನ್ನು ತರಿಸಿದೆವು. ಇಂಟೆಲ್ ಕಂಪನಿ 2011ರಿಂದ ತನ್ನ ಪ್ರೊಸೆಸರ್‌ಗಳ ಒಳಗೇ ಇಟ್ಟಿರುವ, ವಿಂಡೋಸ್‌ನಂತೆಯೇ ಯಂತ್ರ ನಡೆಸುವ ಉಚಿತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಸುಲಭವಾಗಿ ಓದಬಹುದಾದ ಆರ್‌ಎಪಿಎಲ್ ಎಂಬ ಶಕ್ತಿ ಲೆಕ್ಕಿಗವನ್ನೂ ಜೊತೆಗೆ ಬಳಸಿದೆವು. ಎರಡೂ ಬೇರೆ ಬೇರೆ ಸಂಖ್ಯೆ ತೋರಿಸುತ್ತವೆ, ಯಾಕೆಂದರೆ ಒಂದು ಇಡೀ ಯಂತ್ರವನ್ನು ಅಳೆದರೆ ಇನ್ನೊಂದು ಪ್ರೊಸೆಸರ್ ಮತ್ತು ಅದರ ಸುತ್ತಲಿನ ಭಾಗವನ್ನು ಮಾತ್ರ ಅಳೆಯುತ್ತದೆ. ಅಳತೆಯ ಗಡಿ ಎಲ್ಲಿದೆ ಎಂದು ಮೊದಲು ಕೇಳಿಕೊಳ್ಳಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಹೇಳಿಕೊಡಲಾರದು.

ನಂತರ ಹತ್ತು ಕೋಟಿವರೆಗಿನ ಸಂಖ್ಯೆಗಳ ವರ್ಗಗಳನ್ನು ಕೂಡುವ ಒಂದೇ ಕ್ರಮವಿಧಿಯನ್ನು ಪೈಥಾನ್ ಮತ್ತು ಸಿ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆಸಿ ಓಡಿಸಿದೆವು. ಸಿ ಭಾಷೆಯದು ಕಡಿಮೆ ವ್ಯಾಟ್ ತೋರಿಸುತ್ತದೆ ಎಂದು ಬಹುತೇಕ ವಿದ್ಯಾರ್ಥಿಗಳು ಊಹಿಸಿದ್ದರು. ಮಾಪಕದಲ್ಲಿ ವ್ಯಾಟ್ ಹೆಚ್ಚುಕಡಿಮೆ ಅಷ್ಟೇ ಇತ್ತು; ಬದಲಾದದ್ದು ಸಮಯ. ಪೈಥಾನ್ ಹತ್ತು ಸೆಕೆಂಡಿನ ಆಸುಪಾಸು ತೆಗೆದುಕೊಂಡರೆ ಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಶಕ್ತಿಯೆಂದರೆ ವ್ಯಾಟ್ ಅಲ್ಲ, ವ್ಯಾಟನ್ನು ಸಮಯದಿಂದ ಗುಣಿಸಿದ್ದು ಎಂಬ ಪಿಯುಸಿ ಭೌತವಿಜ್ಞಾನ ಇಲ್ಲಿ ಪುನಃ ನೆನಪಾಯಿತು. ಉತ್ಸಾಹಗೊಂಡ ಕೆಲವರು ಇನ್ನು ಮೇಲೆ ಎಲ್ಲವನ್ನೂ ಸಿ ಭಾಷೆಯಲ್ಲೇ ಬರೆಯುತ್ತೇವೆ ಎಂದರು. ಆಗ ಹಾಳೆಯನ್ನು ತೆಗೆಸಿದೆವು. ಖಾಲಿ ಕುಳಿತ ಯಂತ್ರಕ್ಕಿಂತ 30 ವ್ಯಾಟ್ ಹೆಚ್ಚಿಗೆ, ಹತ್ತು ಸೆಕೆಂಡು, ಅಂದರೆ 300 ಜೌಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಆ ಕ್ರಮವಿಧಿಯನ್ನು 12 ಸಾವಿರ ಸಲ ಓಡಿಸಿದರೆ ಮಾತ್ರ ಒಂದು ಯೂನಿಟ್ ಉಳಿಯುತ್ತದೆ. ದಿನಕ್ಕೆ ಕೋಟಿ ಸಲ ಓಡುವ ಸರ್ವರ್‌ನಲ್ಲಿ ಇದು ದೊಡ್ಡ ಮಾತು, ತಿಂಗಳಿಗೊಮ್ಮೆ ಅಂಕಪಟ್ಟಿ ತಯಾರಿಸುವ ಕಚೇರಿಯಲ್ಲಿ ಇದು ಮಾತೇ ಅಲ್ಲ.

ಅದೇ ಲ್ಯಾಬಿನಲ್ಲಿ, ಅದೇ ಮಾಪಕದಲ್ಲಿ, ಯಾರೂ ಬಳಸದೆ ಸುಮ್ಮನೆ ಚಾಲೂ ಇದ್ದ ಹಳೆಯ ಡೆಸ್ಕ್‌ಟಾಪೊಂದು 40 ವ್ಯಾಟ್ ತೋರಿಸುತ್ತಿತ್ತು. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ 14 ಗಂಟೆ ಹೀಗೇ ಬಿಟ್ಟರೆ 0.56 ಯೂನಿಟ್, 60 ಯಂತ್ರಗಳ ಲ್ಯಾಬಿಗೆ ಒಂದು ರಾತ್ರಿಗೆ 33.6 ಯೂನಿಟ್. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿಯನ್ನು ಹಿಡಿದರೆ, ಇಪ್ಪತ್ತನಾಲ್ಕು ಕಿಲೋ ಹತ್ತಿರ. ಹಾಗಾದರೆ ರಾತ್ರಿ ಯಾಕೆ ಆರಿಸುವುದಿಲ್ಲ? ಸೋಮಾರಿತನ ಎಂದು ವಿದ್ಯಾರ್ಥಿಗಳು ಷರಾ ಬರೆದುಬಿಟ್ಟಿದ್ದರು. ಲ್ಯಾಬ್ ಸಹಾಯಕರನ್ನೇ ಕೇಳಿ ಬನ್ನಿ ಎಂದು ಕಳಿಸಿದಾಗ ತಿಳಿದದ್ದು ಬೇರೆ. ಹಳೆಯ ಹಾರ್ಡ್ ಡಿಸ್ಕಿನ ಯಂತ್ರ ಚಾಲೂ ಆಗಿ ಕೈಗೆ ಬರಲು ಐದಾರು ನಿಮಿಷ ಬೇಕು. ಬೆಳಗಿನ ಮೊದಲ ತರಗತಿಯಲ್ಲಿ ಅಧ್ಯಾಪಕರು ಬೈಯುತ್ತಾರೆ. ಅದಕ್ಕೇ ಅವರು ಆರಿಸುವುದಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಲ್ಲರೂ ಎಸ್‌ಎಸ್‌ಡಿ ಎನ್ನುವುದನ್ನು ಹಾಕಿದರೆ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತದೆ, ರಾತ್ರಿ ಆರಿಸಲು ಯಾರಿಗೂ ತಕರಾರಿರುವುದಿಲ್ಲ.

ಈಗ ಹಾಳೆಯ ಎರಡೂ ಬದಿಗೆ ಕೆಲಸ ಸಿಕ್ಕಿತು. ವರ್ಷಕ್ಕೆ 250 ರಾತ್ರಿ ಎಂದು ಹಿಡಿದರೆ ಒಂದು ಯಂತ್ರಕ್ಕೆ 140 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಎಂಟು ರೂಪಾಯಿಯಂತೆ 1,120 ರೂಪಾಯಿ. ಎಸ್‌ಎಸ್‌ಡಿಗೆ ಒಂದೂವರೆ ಸಾವಿರ ಕೊಟ್ಟರೆ ಹಣ ವಾಪಸಾಗಲು ಹದಿನಾರು ತಿಂಗಳು ಬೇಕು. ಎಡಭಾಗದಲ್ಲಿ, ಎಸ್‌ಎಸ್‌ಡಿಯ ತಯಾರಿಕೆಯಲ್ಲಿ ಪ್ರತಿ ಗಿಗಾಬೈಟಿಗೆ ಸರಾಸರಿ 0.16 ಕಿಲೋ ಇಂಗಾಲ ಹೊರಬೀಳುತ್ತದೆ ಎಂದು ಒಂದು ಸಂಶೋಧನಾ ಪ್ರಬಂಧ ಲೆಕ್ಕ ಹಾಕಿದೆ. 256 ಗಿಗಾಬೈಟಿಗೆ 41 ಕಿಲೋ. ಉಳಿಯುವುದು ವರ್ಷಕ್ಕೆ 98 ಕಿಲೋ. ಇಂಗಾಲದ ಸಾಲ ಐದು ತಿಂಗಳಲ್ಲಿ ತೀರುತ್ತದೆ. ಎರಡು ಅಂಕಣಗಳು ಒಂದೇ ಉತ್ತರ ಕೊಡದಿರುವುದು ತರಗತಿಯ ದೊಡ್ಡ ಚರ್ಚೆಯಾಯಿತು. ಇಂಗಾಲದ ದೃಷ್ಟಿಯಿಂದ ಕೂಡಲೇ ಮಾಡಬೇಕಾದ ಕೆಲಸವನ್ನು ಹಣದ ದೃಷ್ಟಿಯಿಂದ ಯಾರಾದರೂ ಹದಿನಾರು ತಿಂಗಳು ಹೊತ್ತುಕೊಳ್ಳಬೇಕು. ಆ ಹೊರೆಯನ್ನು ಹೊತ್ತು, ಅದಕ್ಕೆ ಪ್ರತಿಫಲ ಪಡೆಯುವವನನ್ನೇ ಉದ್ಯಮಿ ಎನ್ನುತ್ತೇವೆ ಎಂದು ನನ್ನ ಸಹೋದ್ಯೋಗಿ ಅಂದಿನ ಪಾಠವನ್ನು ಅಲ್ಲಿಂದಲೇ ಮುಂದುವರಿಸಿದರು.

ನಮ್ಮ ಜಿಲ್ಲೆಯಲ್ಲೇ ಪಾವಗಡದ ಸೌರ ಪಾರ್ಕ್ ಇರುವಾಗ ನಮ್ಮ ಕರೆಂಟು ಸ್ವಚ್ಛವಲ್ಲವೇ, 0.7 ಎಂಬ ಅಂಕಿ ನಮಗೇಕೆ ಎಂದು ಮಧುಗಿರಿ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ್ದು ಒಳ್ಳೆಯ ಪ್ರಶ್ನೆಯಾಗಿತ್ತು. ಕೊರಟಗೆರೆ, ಮಧುಗಿರಿ ದಾಟಿ ತಿರುಮಣಿಯವರೆಗೆ ಎಲ್ಲರನ್ನೂ ಕರೆದುಕೊಂಡು ಹೋದೆವು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕ್ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿಕೊಂಡಿದೆ, ಸಾಮರ್ಥ್ಯ 2,050 ಮೆಗಾವ್ಯಾಟ್. ಇಲ್ಲಿ ಹುಟ್ಟಿದ ವಿದ್ಯುತ್ ಉಪಕೇಂದ್ರದ ಮೂಲಕ ದೊಡ್ಡ ಜಾಲಕ್ಕೆ ಸೇರಿಬಿಡುತ್ತದೆ; ತುಮಕೂರಿನ ಲ್ಯಾಬಿಗೆ ಬರುವುದು ಆ ಜಾಲದ ಮಿಶ್ರಣ. ಹಗಲಲ್ಲಿ ಅದರಲ್ಲಿ ಸೌರಶಕ್ತಿಯ ಪಾಲು ಹೆಚ್ಚು, ಸೂರ್ಯ ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ಪಾಲು ಹೆಚ್ಚು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಇಟ್ಟಿದ್ದ ಬ್ಯಾಕಪ್ ಕೆಲಸವನ್ನು ಮಧ್ಯಾಹ್ನಕ್ಕೆ ಬದಲಿಸುವುದು ಒಂದು ಸಾಲಿನ ತಿದ್ದುಪಡಿಯಾದರೂ ಅರ್ಥವಿರುವ ತಿದ್ದುಪಡಿ.

ಪಾರ್ಕಿನಲ್ಲಿ ನನ್ನ ಸಹೋದ್ಯೋಗಿಗೆ ಹೆಚ್ಚು ಹಿಡಿಸಿದ್ದು ಫಲಕಗಳಲ್ಲ, ಭೂಮಿಯ ಕರಾರು. ರೈತರ ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆಯೊಂದಿಗೆ ಗುತ್ತಿಗೆಗೆ ಪಡೆದದ್ದರಿಂದ ಇಷ್ಟು ದೊಡ್ಡ ಯೋಜನೆಗೆ ಬೇಕಾದ ಭೂಮಿ ಬೇಗ ಒದಗಿತು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಭೂಮಾಲೀಕನಿಗೆ ಅದು ಖಚಿತ ಆದಾಯ. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳಲು, ಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಇದನ್ನು ಎಡ ಅಂಕಣದಲ್ಲಿ ಬರೆಯಬೇಕೋ ಬಲ ಅಂಕಣದಲ್ಲೋ ಎಂದು ಒಬ್ಬಳು ಕೇಳಿದಳು. ಹಾಳೆಯಲ್ಲಿ ಮೂರನೇ ಅಂಕಣ ಹುಟ್ಟಿದ್ದು ಆಗ. ಅದರ ತಲೆಬರಹ, ಯಾರಿಗೆ ನಷ್ಟ.

ಉದ್ಯಮದ ಪಾಠದಲ್ಲಿ ನಾವು ಕಡ್ಡಾಯ ಮಾಡಿದ್ದ ನಿಯಮವೆಂದರೆ, ಒಂದು ಸಾಲು ಕೋಡ್ ಬರೆಯುವ ಮೊದಲು ಗ್ರಾಹಕರಾಗಬಹುದಾದವರ ಬಳಿ ಹೋಗಿ ಕೂರಬೇಕು, ಆದರೆ ಏನನ್ನೂ ಮಾರಬಾರದು. ತಿಪಟೂರಿನ ತಂಡಕ್ಕೆ ಈ ನಿಯಮ ಬಹಳ ಉಪಕಾರ ಮಾಡಿತು. ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸಿ ಹತ್ತು ತಿಂಗಳ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಪದ್ಧತಿ ಆ ಭಾಗದ ಜೀವಾಳ. ಅಟ್ಟದಲ್ಲಿ ತೇವಾಂಶ ಸಂವೇದಕಗಳನ್ನಿಟ್ಟು, ದತ್ತಾಂಶವನ್ನು ಕ್ಲೌಡಿಗೆ ಕಳಿಸಿ, ಕೊಬ್ಬರಿ ಪಕ್ವವಾದ ದಿನ ರೈತನ ಫೋನಿಗೆ ಸಂದೇಶ ಬರುವಂತೆ ಮಾಡುವುದು ತಂಡದ ಯೋಜನೆ. ಉಪಕರಣಕ್ಕೆ ಆರು ಸಾವಿರ ರೂಪಾಯಿ. ಹಾಲ್ಕುರಿಕೆ ಕಡೆಯ ಹಳ್ಳಿಯೊಂದರಲ್ಲಿ ಹಿರಿಯ ರೈತರೊಬ್ಬರು ಇದನ್ನೆಲ್ಲ ಕೊನೆಯವರೆಗೆ ತಾಳ್ಮೆಯಿಂದ ಕೇಳಿಸಿಕೊಂಡರು. ನಂತರ ಏಣಿ ಹತ್ತಿ, ಅಟ್ಟದ ಗಳುಗಳ ಮೇಲೆ ರಾಶಿ ಬಿದ್ದಿದ್ದ ಕಾಯಿಗಳಲ್ಲಿ ಒಂದನ್ನು ತೆಗೆದು ವಿದ್ಯಾರ್ಥಿಯ ಕಿವಿಯ ಹತ್ತಿರ ಹಿಡಿದು ಕುಲುಕಿದರು. ಏನೂ ಸದ್ದಾಗಲಿಲ್ಲ. ಇನ್ನೊಂದು ರಾಶಿಯಿಂದ ತೆಗೆದದ್ದನ್ನು ಕುಲುಕಿದಾಗ ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಎಂದಿತು. "ಇದುಕ್ಕೆ ಮಿಷಿನ್ ಯಾಕ್ರಪ್ಪ, ಕಿವಿ ಐತಲ್ಲ" ಎಂದರು.

2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12 ಸಾವಿರ ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಉಪಕರಣದ ಬೆಲೆ ಅರ್ಧ ಕ್ವಿಂಟಲ್ ಕೊಬ್ಬರಿ. ಕಿವಿ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಯಾರೂ ಅರ್ಧ ಕ್ವಿಂಟಲ್ ಕೊಡುವುದಿಲ್ಲ. ರೈತರಿಗೆ ನಿಜವಾಗಿ ಬೇಕಾಗಿದ್ದದ್ದು ಕಾಯಿ ಕೀಳುವವರು ಮತ್ತು ಸುಲಿಯುವವರು. ತಂಡ ಅಲ್ಲಿಗೆ ಹೊರಳಿತು. ಕೀಳುವವರನ್ನು ಹುಡುಕಿಕೊಂಡು ಹೋದರೆ ಅವರ ಬಳಿ ಮುಂದಿನ ಎಷ್ಟೋ ದಿನಗಳಿಗೆ ಆಗುವಷ್ಟು ಕೆಲಸ ಮೊದಲೇ ಗೊತ್ತಾಗಿತ್ತು. ಇನ್ನಷ್ಟು ಕರೆ ತಂದುಕೊಡುವ ಮಧ್ಯವರ್ತಿಗೆ ಅವರು ಒಂದು ರೂಪಾಯಿಯನ್ನೂ ಕೊಡಬೇಕಾಗಿರಲಿಲ್ಲ. ಕೊರತೆ ಇರುವುದು ಜನರದ್ದು, ಮಾಹಿತಿಯದ್ದಲ್ಲ ಎಂದು ತಂಡ ವರದಿ ಬರೆದು, ಇಲ್ಲಿ ಸಾಫ್ಟ್‌ವೇರ್ ವ್ಯಾಪಾರವಿಲ್ಲ ಎಂದು ಮುಗಿಸಿತು. ಆ ವರ್ಷದ ಅತಿ ಹೆಚ್ಚು ಅಂಕ ಪಡೆದ ವರದಿಗಳಲ್ಲಿ ಅದೂ ಒಂದು. ಕಟ್ಟದೇ ಉಳಿದ ಸರ್ವರ್‌ಗಿಂತ ಕಡಿಮೆ ಇಂಗಾಲದ ಸರ್ವರ್ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಟಾರ್ಟಪ್ ಸ್ಪರ್ಧೆಗಳಲ್ಲಿ ಇಂಥ ವರದಿಗೆ ಬಹುಮಾನ ಯಾಕಿಲ್ಲವೋ ತಿಳಿಯದು.

ಲ್ಯಾಬಿನ ಎಸ್‌ಎಸ್‌ಡಿ ಲೆಕ್ಕವನ್ನು ಹಿಡಿದು ಹೊರಟ ಇನ್ನೊಂದು ತಂಡದ ಕಥೆ ಹೆಚ್ಚು ದೂರ ಹೋಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಭದ್ರತಾ ತಿದ್ದುಪಡಿಗಳಂಥ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಅಂಶವೂ ಹೊಸ ತಲೆಮಾರಿನ ಪ್ರೊಸೆಸರ್ರೂ ಬೇಕು. ಯಾವ ಕಾಯಿಲೆಯೂ ಇಲ್ಲದ ಯಂತ್ರಗಳು ಇದರಿಂದಾಗಿ ಮೂಲೆಗೆ ಬೀಳುತ್ತವೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತೆಂದೂ, ಅದರಲ್ಲಿ ಶೇಕಡ 22.3 ಮಾತ್ರ ಕ್ರಮಬದ್ಧ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿದೆಯೆಂದೂ ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಗುರಿಯನ್ನು ಉತ್ಪಾದಕರ ಹೊಣೆ ಮಾಡಿವೆ. ವಿದ್ಯಾರ್ಥಿಗಳು ಮಂಡಿಪೇಟೆಯ ಗುಜರಿ ಅಂಗಡಿಗೆ ಹೋದಾಗ ಮಾತ್ರ ಹಳೆಯ ಸಿಪಿಯು ಡಬ್ಬಗಳು ತಕ್ಕಡಿಯಲ್ಲಿ ಕಬ್ಬಿಣದ ಜೊತೆ ತೂಗುತ್ತಿದ್ದವು. ಒಳಗಿನ ರ್‍ಯಾಮ್ ಮತ್ತು ಪ್ರೊಸೆಸರನ್ನು ಮೊದಲೇ ಬಿಚ್ಚಿ ಬೇರೆ ಡಬ್ಬಿಗೆ ಹಾಕಿಟ್ಟಿದ್ದ ಅಂಗಡಿಯಾತನಿಗೆ ಯಾವುದಕ್ಕೆ ಎಷ್ಟು ಎಂಬುದು ನಮ್ಮ ತರಗತಿಗಿಂತ ಚೆನ್ನಾಗಿ ಗೊತ್ತಿತ್ತು.

ಲ್ಯಾಪ್‌ಟಾಪ್ ತಯಾರಕರು ಪ್ರಕಟಿಸುವ ಲೆಕ್ಕಗಳನ್ನು ನೋಡಿದರೆ ಒಂದು ಸಾಧಾರಣ ಯಂತ್ರದ ತಯಾರಿಕೆಯ ಪಾಲೇ 200 ಕಿಲೋ ಆಸುಪಾಸು ಇರುತ್ತದೆ. ಅದನ್ನು 20 ವ್ಯಾಟ್‌ನಲ್ಲಿ ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 300 ದಿನ ಬಳಸಿದರೆ 36 ಯೂನಿಟ್, ಅಂದರೆ 25 ಕಿಲೋ. ಬಳಕೆಯ ಇಂಗಾಲ ತಯಾರಿಕೆಯ ಇಂಗಾಲಕ್ಕೆ ಸಮವಾಗಲು ಎಂಟು ವರ್ಷ ಹಿಡಿಯುತ್ತದೆ. ಆದ್ದರಿಂದ ಯಂತ್ರವನ್ನು ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ ಎಂದು ತಂಡ ನಿರ್ಧರಿಸಿ, ಎಸ್‌ಎಸ್‌ಡಿ ಮತ್ತು ಲಿನಕ್ಸ್ ಹಾಕಿಕೊಟ್ಟು ವರ್ಷವಿಡೀ ನೋಡಿಕೊಳ್ಳುವ ಸೇವೆಯನ್ನು ರೂಪಿಸಿತು. ಮೊದಲು ಹೋದದ್ದು ಬಿ.ಎಚ್. ರಸ್ತೆಯ ಆಸುಪಾಸಿನ ಡಿಟಿಪಿ ಅಂಗಡಿಗಳಿಗೆ.

ಅಲ್ಲಿ ಲಿನಕ್ಸ್ ಎಂಬ ಹೆಸರು ಎತ್ತಿದ ಕೂಡಲೇ ಮಾತು ನಿಂತುಹೋಯಿತು. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಬಾಂಡ್ ಪೇಪರಿನ ಕರಾರು, ಸಂಘದ ವಾರ್ಷಿಕ ವರದಿ, ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರ ಶೈಲಿಗಳಲ್ಲಿ, 2001ರ ಏಳನೇ ಆವೃತ್ತಿಯೇ ಕೊನೆಯದಾದ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶದಲ್ಲಿವೆ. ಆ ಅಕ್ಷರಗಳು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಸಂಕೇತದವಲ್ಲ. ಬೇರೆ ಕಡೆ ತೆರೆದರೆ ಕನ್ನಡದ ಬದಲು ಅರ್ಥವಾಗದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಅಂಗಡಿಯ ಯಜಮಾನರೊಬ್ಬರು ಪರದೆಯ ಮೇಲೆ ವರ್ಷವಾರು ಕಡತಗಳನ್ನು ತೋರಿಸಿ, ಹೋದ ವರ್ಷದ ಪತ್ರಿಕೆಯಲ್ಲಿ ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಬದಲಿಸಿಕೊಡುವುದೇ ನನ್ನ ದುಡಿಮೆ, ಇದನ್ನೆಲ್ಲ ಪುನಃ ಕುಟ್ಟಿಕೊಡುವವರು ಯಾರು ಎಂದರು. ಯಂತ್ರ ಮೂಲೆಗೆ ಬೀಳುವುದು ಕಬ್ಬಿಣ ಸವೆದಿದ್ದರಿಂದಲ್ಲ, ಅಕ್ಷರಗಳ ಸಂಕೇತದಿಂದ ಎಂಬುದು ವಿದ್ಯಾರ್ಥಿಗಳಿಗೆ ಹೊಸ ವಿಷಯ. ಇಂಗ್ಲಿಷಿನಲ್ಲಿ ಬರೆದ ಯಾವ ಸುಸ್ಥಿರತೆಯ ಪಠ್ಯದಲ್ಲೂ ಇದು ಅವರಿಗೆ ಸಿಗುತ್ತಿರಲಿಲ್ಲ.

ತಂಡ ತನ್ನ ಸೇವೆಯನ್ನೇ ಬದಲಿಸಿತು. ಅಂಗಡಿಯ ಒಂದು ಯಂತ್ರದಲ್ಲಿ ಹಳೆಯ ವಿಂಡೋಸ್, ನುಡಿ, ಪೇಜ್‌ಮೇಕರ್ ಹಾಗೇ ಇರುತ್ತವೆ, ಆದರೆ ಅದಕ್ಕೆ ಇಂಟರ್ನೆಟ್ ಸಂಪರ್ಕ ಇರುವುದಿಲ್ಲ. ಇಮೇಲ್, ವಾಟ್ಸ್‌ಆ್ಯಪ್, ಆನ್‌ಲೈನ್ ಅರ್ಜಿಗಳ ಕೆಲಸ ಲಿನಕ್ಸ್ ಹಾಕಿದ ಇನ್ನೊಂದು ಯಂತ್ರದಲ್ಲಿ ನಡೆಯುತ್ತದೆ. ಮೇಲಿಂದ ಮೇಲೆ ಬಳಸುವ ಪತ್ರಿಕೆಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ ಕಡೆ ಕೈಯಿಂದ ತಿದ್ದಿ ಕೊಡುತ್ತಾರೆ. ಅಂಗಡಿಯವರು ಹಣ ಕೊಡಲು ಒಪ್ಪಿದ್ದು ಎಸ್‌ಎಸ್‌ಡಿಯ ವೇಗಕ್ಕೂ ಅಲ್ಲ, ಇಂಗಾಲಕ್ಕಂತೂ ಅಲ್ಲ, ಈ ಪರಿವರ್ತನೆಗೆ.

ವರ್ಷಕ್ಕೆ ಒಂದು ಯಂತ್ರಕ್ಕೆ 1,200 ರೂಪಾಯಿ ಎಂದು ದರ ಇಟ್ಟ ತಂಡದ ಮೊದಲ ಹಾಳೆಯಲ್ಲಿ ಲಾಭ ಧಾರಾಳವಾಗಿ ಕಾಣುತ್ತಿತ್ತು. ಅಂಗಡಿಗೆ ಹೋಗಿ ಬರುವ ಪೆಟ್ರೋಲನ್ನು ಬರೆದಿದ್ದರು. ತಮ್ಮ ಎರಡು ಗಂಟೆಯ ದುಡಿಮೆಗೆ ಸೊನ್ನೆ ಇಟ್ಟಿದ್ದರು. ರೈತ ಕುಟುಂಬದಿಂದ ಬಂದ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಬೆಂಬಲ ಬೆಲೆಯ ಲೆಕ್ಕ ಹಾಕುವಾಗ ಬೀಜ, ಗೊಬ್ಬರ, ಕೂಲಿಯ ಖರ್ಚನ್ನು ಒಂದು ಸಾಲಿನಲ್ಲೂ ಮನೆಯವರ ದುಡಿಮೆಯ ಬೆಲೆಯನ್ನು ಅದಕ್ಕೆ ಸೇರಿಸಿ ಇನ್ನೊಂದು ಸಾಲಿನಲ್ಲೂ ತೋರಿಸುತ್ತದೆ. ಮನೆಯವರ ದುಡಿಮೆ ಬಿಟ್ಟರೆ ರಾಗಿ ಬೆಳೆಯೂ ಲಾಭದ್ದಾಗಿಯೇ ಕಾಣುತ್ತದೆ. ಗಂಟೆಗೆ ನೂರು ರೂಪಾಯಿಯಾದರೂ ಹಾಕಿ ಎಂದು ಹೇಳಿದ ಮೇಲೆ ಹಾಳೆಯ ಬಲಭಾಗ ಕೆಂಪಾಯಿತು, ಅಂದರೆ ನಷ್ಟ ತೋರಿಸಿತು. ದೂರದ ಒಂಟಿ ಅಂಗಡಿಗಳನ್ನು ಬಿಟ್ಟು, ಒಂದೇ ಬೀದಿಯಲ್ಲಿ ನಾಲ್ಕೈದು ಅಂಗಡಿಗಳಿರುವ ಕಡೆ ಮಾತ್ರ ಕೆಲಸ ಹಿಡಿದಾಗ ಕಪ್ಪಿಗೆ ಬಂತು. ಸರ್ಕಾರಿ ಶಾಲೆಗಳೇ ತಮ್ಮ ಮೊದಲ ಗ್ರಾಹಕರೆಂದು ಅವರು ಆದರ್ಶದಿಂದ ಬರೆದುಕೊಂಡಿದ್ದರು. ಬಿಲ್ಲು ಕೊಟ್ಟು ಹಣಕ್ಕೆ ತಿಂಗಳುಗಟ್ಟಲೆ ಕಾಯಬೇಕಾದಾಗ ಆ ಸಾಲನ್ನು ಅವರೇ ಹೊಡೆದುಹಾಕಿದರು. ನನಗೆ ಬೇಸರವಾಯಿತು, ಆದರೆ ಲೆಕ್ಕ ಅವರದ್ದೇ ಸರಿ.

ಇಂಗಾಲದ ಕಡೆ ಇನ್ನೊಂದು ತಿರುವು ಕಾದಿತ್ತು. ಹೊಸ ಯಂತ್ರ ಕೊಳ್ಳುವ ಖರ್ಚು ಉಳಿಯಿತೆಂದು ಸಂತೋಷಪಟ್ಟ ಅಂಗಡಿಯವರೊಬ್ಬರು ಆ ಹಣದಲ್ಲಿ ಬೆಂಗಳೂರಿನಿಂದ ದೊಡ್ಡ ಬಣ್ಣದ ಪ್ರಿಂಟರೊಂದನ್ನು ತಂದರು. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಎಂಜಿನ್ನುಗಳು ಬಂದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಹೇಳಿದ್ದನ್ನು ಪಾಠ ಮಾಡಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ಕೃತಕ ಬುದ್ಧಿಮತ್ತೆಯ ವಿಚಾರದಲ್ಲೂ ಇದೇ ದಾರಿಯಲ್ಲಿ ಚರ್ಚೆ ಮಾಡಿದೆವು. ಜೆಮಿನಿ ಎಂಬ ತನ್ನ ಚಾಟ್‌ಬಾಟಿಗೆ ಕೇಳುವ ಸಾಧಾರಣ ಪಠ್ಯ ಪ್ರಶ್ನೆಯೊಂದಕ್ಕೆ 0.24 ವ್ಯಾಟ್-ಅವರ್ ವಿದ್ಯುತ್ ಸಾಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಒಂದು ಯೂನಿಟ್ಟಿನಲ್ಲಿ ನಾಲ್ಕು ಸಾವಿರ ಪ್ರಶ್ನೆ, ಇದರಲ್ಲೇನಿದೆ ಎಂದು ಅನ್ನಿಸುತ್ತದೆ. ಆದರೆ ಮಾದರಿಯನ್ನು ತರಬೇತುಗೊಳಿಸುವ ವಿದ್ಯುತ್ ಆ ಅಂಕಿಯಲ್ಲಿಲ್ಲ. ಅದಲ್ಲದೆ ಜಗತ್ತಿನ ಡೇಟಾ ಕೇಂದ್ರಗಳೆಲ್ಲ ಸೇರಿ 2024ರಲ್ಲಿ ಬಳಸಿದ್ದು ಸುಮಾರು 415 ಟೆರಾವ್ಯಾಟ್-ಅವರ್ (ಒಂದು ಟೆರಾವ್ಯಾಟ್-ಅವರ್ ಎಂದರೆ ನೂರು ಕೋಟಿ ಯೂನಿಟ್), 2030ಕ್ಕೆ ಅದು 945ರ ಹತ್ತಿರ ಹೋಗಬಹುದು ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಒಂದಕ್ಕೆ ಎಷ್ಟು ಎಂಬುದರ ಪಕ್ಕದಲ್ಲೇ ಒಟ್ಟು ಎಷ್ಟು ಎಂಬ ಸಾಲನ್ನೂ ಬರೆಯಲೇಬೇಕು ಎಂದು ಅಂದಿನಿಂದ ನಿಯಮ ಮಾಡಿದೆವು.

ಹಣ ಹೊಂದಿಸುವ ಪಾಠಕ್ಕೆ ನಾವು ಕಡಿಮೆ ಸಮಯ ಕೊಟ್ಟೆವು. ಕೇಂದ್ರದ ಸ್ಟಾರ್ಟಪ್ ಬೀಜಧನ ಯೋಜನೆಯಲ್ಲಿ ಮಾದರಿ ತಯಾರಿಕೆಯ ಹಂತಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿತ್ತು, ಹೊಸ ಉದ್ಯಮಗಳಿಗೆ ಹಣ ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಸ್ಪರ್ಧೆಯೂ ಇತ್ತು. ಅರ್ಜಿ ತುಂಬುವುದನ್ನು ಯಾರು ಬೇಕಾದರೂ ಕಲಿಸಬಹುದು. ಮೌಲ್ಯಮಾಪನಕ್ಕೆ ಬಂದಿದ್ದ ಹೊರಗಿನ ಪರೀಕ್ಷಕರೊಬ್ಬರು, ಎಲ್ಲ ಸರಿ, ಆದರೆ ಆ್ಯಪ್ ಎಲ್ಲಿದೆ ಎಂದು ಕೇಳಿ ಡಿಟಿಪಿ ತಂಡದ ಅಂಕ ಕಡಿಮೆ ಮಾಡಿದರು. ಹಣ ಕೊಡುವ ಗ್ರಾಹಕರ ರಸೀದಿಗಳು ಮೇಜಿನ ಮೇಲೇ ಇದ್ದವು. ಆ ತಂಡದ ಇಬ್ಬರು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ, ಮೂರನೆಯವಳು ಒಬ್ಬ ಕಿರಿಯ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಸೇವೆಯನ್ನು ಮುಂದುವರಿಸಿದ್ದಾಳೆ.

ಈ ಸಲದ ತರಗತಿಯಲ್ಲಿ ಅವಳನ್ನೇ ಕರೆಸಿ ಅವಳ ಹಾಳೆಯನ್ನು ಮುಂದಿಟ್ಟಾಗ ಹೊಸ ಜಗಳವೊಂದು ಹುಟ್ಟಿತು. ಎರಡನೇ ಕೈಗೆ ಬಂದ ಯಂತ್ರದ ತಯಾರಿಕೆಯ 200 ಕಿಲೋ ಯಾರ ಲೆಕ್ಕಕ್ಕೆ? ಐಎಸ್‌ಒ ಸೂತ್ರ ಅದನ್ನು ಯಂತ್ರದ ನಿರೀಕ್ಷಿತ ಆಯುಷ್ಯದ ಮೇಲೆ ಹಂಚಲು ಹೇಳುತ್ತದೆ. ಮೊದಲ ಮಾಲೀಕ ಐದು ವರ್ಷದಲ್ಲಿ ಪೂರ್ತಿ ತೀರಿಸಿದ್ದಾನೆ, ಆದ್ದರಿಂದ ನಮ್ಮ ಗ್ರಾಹಕರ ಪಾಲಿಗೆ ಎಸ್‌ಎಸ್‌ಡಿಯ 41 ಕಿಲೋ ಮಾತ್ರ ಎಂದು ಒಂದು ಗುಂಪು. ಹಾಗೆ ಸೊನ್ನೆ ಎಂದುಬಿಟ್ಟರೆ ಯಾರು ಬೇಕಾದರೂ ಬೇಗ ಬೇಗ ಹೊಸತು ಕೊಂಡು, ಹಳೆಯದನ್ನು ದಾಟಿಸಿ, ಎಲ್ಲರೂ ಶುದ್ಧರೆನಿಸಿಕೊಳ್ಳುತ್ತಾರೆ; ಹತ್ತು ವರ್ಷಕ್ಕೆ ಹಂಚಿ ನಮ್ಮ ವರ್ಷಗಳ ಪಾಲನ್ನು ನಾವು ಬರೆದುಕೊಳ್ಳಬೇಕು ಎಂದು ಇನ್ನೊಂದು ಗುಂಪು. ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಉಪಯುಕ್ತ ಆಯುಷ್ಯವನ್ನು ಮೂರೇ ವರ್ಷ ಎಂದು ಹಿಡಿಯುತ್ತದೆ ಎಂದು ನನ್ನ ಸಹೋದ್ಯೋಗಿ ನಡುವೆ ಸೇರಿಸಿದ್ದರಿಂದ ಜಗಳ ಮೂರು ಮೂಲೆಯದಾಯಿತು. ನಾನು ಹತ್ತು ವರ್ಷದವರ ಕಡೆಗಿದ್ದೇನೆ, ಆದರೆ ಅದನ್ನು ಅವರಿಗೆ ಹೇಳಿಲ್ಲ. ಪ್ರತಿ ತಂಡವೂ ತಾನು ಆರಿಸಿಕೊಂಡ ಆಯುಷ್ಯವನ್ನೂ ಅದಕ್ಕೆ ಕಾರಣವನ್ನೂ ಗ್ರಾಹಕರಿಗೆ ಕೊಡುವ ಬಿಲ್ಲಿನ ಹಿಂಬದಿಯಲ್ಲಿ, ಅವರಿಗೆ ತಿಳಿಯುವ ಕನ್ನಡದಲ್ಲಿ, ಅಚ್ಚು ಹಾಕಿಸಿ ತರಬೇಕೆಂದು ಈ ತಿಂಗಳ ಕೆಲಸ ಕೊಟ್ಟಿದ್ದೇವೆ.